ಫಸ್ಟ್ ಬೇಸಿಗೆ ಒಬ್ಬಳು

ನನ್ನ ಗಂಡ ಜಮಖಂಡಿಯ ಒಂದು ಕಾಲೇಜಿನಲ್ಲಿ ಆಟದ ಸರ್. ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಮದುವೆಯಾದಂದಿನಿಂದ ಅವರು ಸಂಜೆ ಮೈದಾನದಿಂದ ನೆಟ್ಟಗೆ ಮನೆಗೆ ಬಂದು, ಕಾಲು ತೊಳೆದುಕೊಂಡು, ಚಹಾ ಕೇಳುವವರು. ಹೋದ ವರ್ಷ ಕಬ್ಬಿನ ಸೀಸನ್ನು ಶುರುವಾಗುವ ಹೊತ್ತಿಗೆ ಆ ರೂಢಿ ತಪ್ಪಿತು. ವಾರದಲ್ಲಿ ಎರಡು ಮೂರು ಸಂಜೆ ಮೋಟರ್‌ಸೈಕಲ್ ಹತ್ತಿ ಎಲ್ಲಿಗೋ ಹೋಗತೊಡಗಿದರು. ಎಲ್ಲಿಗೆ ಎಂದು ಕೇಳಿದರೆ "ಕೆಲಸ ಇತ್ತು" ಎನ್ನುವರು. ಯಾವ ಕೆಲಸ ಎಂದರೆ "ಕಾಲೇಜಿಂದು."

ಒಂದು ಮಧ್ಯಾಹ್ನ ಹಿತ್ತಲಲ್ಲಿ ನೀರಿನ ಟಾಕಿಯ ಮಗ್ಗುಲಿಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಒಣಗಿದ ಬಟ್ಟೆ ತರಲು ಹೋದವಳು ಬಾಗಿಲ ಹಿಂದೆ ನಿಂತೆ.

"ಎತ್ತರ ಇದ್ರ ಛಲೋ, ಆದ್ರ ಅದ ಎಲ್ಲಾ ಅಲ್ಲ ಅಂತೀರಿ... ಹೌದ್ರಿ, ಕೈ ಮೆತ್ತಗಿರಬೇಕು... ಎಡಗೈಯಾಕಿ ಆದ್ರ ಇನ್ನೂ ಛಲೋ. ಚಿಮ್ಮಡದಾಗ ಒಬ್ಬಾಕಿ ಅದಾಳಂತ. ನಾಳೆ ಬರ್ತೀನ್ರಿ, ಅಲ್ಲೇ ಸ್ಟ್ಯಾಂಡಿನ್ಯಾಗ."

ಆ ಕಡೆಯಿಂದ ಕೇಳಿಸುತ್ತಿದ್ದುದು ಹೆಂಗಸಿನ ದನಿ. ನಾನು ಬಟ್ಟೆ ತರದೆ ಒಳಗೆ ಬಂದೆ.

ಆ ವಾರವೇ ರಬಕವಿಯ ಒಬ್ಬ ಗಿರಾಕಿ ಸೀರೆಗೆ ಫಾಲ್ ಹಚ್ಚಿಸಲು, ಬ್ಲೌಸು ಹೊಲಿಸಲು ಬಂದಿದ್ದರು. ಅಳತೆಯ ಬ್ಲೌಸು ತೆಗೆದುಕೊಡುತ್ತ ಅವರು, "ನಿಮ್ಮ ಮನಿಯವರನ್ನ ನೋಡಿದ್ನಿರಿ, ನಮ್ಮೂರ ಸ್ಟ್ಯಾಂಡಿನ್ಯಾಗ ಚಾ ಕುಡಿಯಾಕತ್ತಿದ್ರು. ಜೋಡಿ ಒಬ್ರು ಎತ್ತರದ ಹೆಣ್ಣಮಗಳು ಇದ್ರು. ನಿಮ್ಮ ನಾದಿನಿ ಇರಬೇಕು ಅಂದ್ಕೊಂಡೆ" ಎಂದರು.

ನನಗೆ ನಾದಿನಿಯರಿಲ್ಲ. ನಾನು ಹೂಂ ಎಂದು ಟೇಪು ಸುತ್ತಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ನೇರವಾಗಿ ಕೇಳಿದೆ. ಅವರು ರೊಟ್ಟಿ ಮುರಿಯುತ್ತಲೇ ಹೇಳಿದರು.

"ಕಾಲೇಜಿನ್ಯಾಗ ಹುಡುಗ್ಯಾರ ಬೇಸ್‌ಬಾಲ್ ಟೀಮ್ ಮಾಡೇನಿ. ಎಲ್ಲಾ ಜಾಗಕ್ಕೂ ಹುಡುಗ್ಯಾರು ಸಿಕ್ಕಾರ. ಫಸ್ಟ್ ಬೇಸಿಗೆ ಮಾತ್ರ ಬರೋಬ್ಬರಿ ಯಾರೂ ಸಿಗವಲ್ರು."

"ಹುಡುಗೀನ ಹುಡಕಾಕ ರಬಕವಿ ಸ್ಟ್ಯಾಂಡಿಗೆ ಹೋಗ್ಬೇಕೇನು?"

ಅವರ ಕೈ ನಿಂತಿತು. "ಅವರು ಅಲ್ಲಿ ಸಾಲ್ಯಾಗ ಟೀಚರ್ ಅದಾರ. ಆಟದ ಬಗ್ಗೆ ಏನೋ ಕೇಳೂದಿತ್ತು."

"ಆಟದ ಸರ್ ನೀವು. ನೀವ ಮತ್ತೊಬ್ಬರನ್ನ ಕೇಳ್ತೀರೇನು?"

ಅವರು ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದರು. ಊಟ ಬಿಟ್ಟು ಏಳುವವರಲ್ಲ ಅವರು. ಸುಳ್ಳು ಹೇಳುವವರು ಏಳುತ್ತಾರೆ, ಇಲ್ಲವೆ ನಾಚಿಕೆಯಾದವರು. ಎರಡರಲ್ಲಿ ಯಾವುದೆಂದು ನನಗೆ ತಿಳಿಯಲಿಲ್ಲ.

ಮರುದಿನ, ಫೋನಿನಲ್ಲಿ ಹೇಳಿದ್ದ ಆ ಚಿಮ್ಮಡದ ಹುಡುಗಿಯ ಮನೆಗೆ ಹೋಗುತ್ತೇನೆ ಎಂದರು. ನಾನೂ ಬರುತ್ತೇನೆ ಎಂದೆ. ಏನಾದರೂ ನೆಪ ಹೇಳಿಯಾರು ಎಂದು ಕಾದರೆ, ಅವರ ಮುಖ ಅರಳಿತು.

"ಬಾ, ಛಲೋನ ಆತು. ಹೋದ ಸಲ ನನ್ನ ಬಾಗಲದಾಗ ನಿಂದ್ರಿಸಿ ಮಾತಾಡಿ ಕಳ್ಸಿದ್ರು. ಹೆಣ್ಣಮಕ್ಕಳು ಒಬ್ರು ಜೋಡಿ ಇದ್ರ ಒಳಗ ಕರೀತಾರ."

ಅಷ್ಟು ಬೇಗ ಒಪ್ಪಿದ್ದೂ ನನಗೆ ಸರಿ ಕಾಣಲಿಲ್ಲ.

ದಾರಿಯಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಅವುಗಳ ಹಿಂದೆ ತೆವಳುತ್ತ ಚಿಮ್ಮಡ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹುಡುಗಿಯ ಕಾಕಾ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹೋರಿಗೆ ಮೇವು ಹಾಕುತ್ತಿದ್ದರು. ತಂದೆ ಇಲ್ಲದ ಹುಡುಗಿ, ದಿನಾ ಬಸ್ಸಿನಲ್ಲಿ ಇವರ ಕಾಲೇಜಿಗೇ ಹೋಗಿಬರುವವಳು. ಮನೆಯಲ್ಲಿ ಕಾಕಾನದೇ ಮಾತು. ಕಟ್ಟಿದ್ದ ತೆಳ್ಳನೆಯ ಬೇಟೆನಾಯಿ ನನ್ನ ಗಂಡನನ್ನು ನೋಡಿ ಎದ್ದು ನಿಂತಿತು. ಕಾಕಾ ಮಾತ್ರ ಏಳಲಿಲ್ಲ. ನನ್ನನ್ನು ನೋಡಿದ ಮೇಲೆ ಕೈ ಒರೆಸಿಕೊಂಡು, "ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದರು.

ನೀರು ತಂದುಕೊಟ್ಟ ಹುಡುಗಿ ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಬಂದಳು. ನನ್ನ ಗಂಡ ಆಕೆಯ ಕೈಗಳನ್ನು ನೋಡುತ್ತಿದ್ದರು. ನಾನು ನನ್ನ ಗಂಡನನ್ನು ನೋಡುತ್ತಿದ್ದೆ. ಆಕೆಯ ತಾಯಿ ನನ್ನನ್ನು ಅಡುಗೆಮನೆಗೆ ಕರೆದೊಯ್ದು, ಅವಲಕ್ಕಿಗೆ ಒಗ್ಗರಣೆ ಹಾಕುತ್ತ ಮೆಲ್ಲಗೆ ಕೇಳಿದಳು.

"ಹುಡುಗ ಏನ್ ಮಾಡ್ತಾನ್ರಿ?"

"ಯಾವ ಹುಡುಗರಿ?"

"ಮತ್ತ, ಸರ್ ಹೋದ ಸಲ ಬಂದಾಗ ಎತ್ತರ ಎಷ್ಟು ಅಂತ ಕೇಳಿದ್ರು. ಯಾವ ಕೈಲೆ ಕೆಲಸಾ ಮಾಡ್ತಾಳ ಅಂದ್ರು. ಈಗ ನಿಮ್ಮನ್ನ ಕರ್ಕೊಂಡು ಬಂದಾರ. ವರ ನಿಮ್ಮ ಪೈಕಿನ ಇರಬೇಕು ಅಂದ್ಕೊಂಡ್ವಿ."

ವರ ಇಲ್ಲ, ಚೆಂಡಾಟಕ್ಕೆ ಬೇಕು ಎಂದು ನಾನು ಹೇಳಿದಾಗ ಆ ತಾಯಿ ಒಗ್ಗರಣೆಯ ಸೌಟು ಹಿಡಿದುಕೊಂಡೇ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮದುವೆಗೆ ಕೇಳಲು ಬಂದವರಾದರೆ ಎಂಥವರೆಂದು ತಿಳಿಯುತ್ತದೆ. ಚೆಂಡು ಹಿಡಿಯಲು ಹುಡುಗಿಯನ್ನು ಕೇಳಿಕೊಂಡು ಎರಡೆರಡು ಸಲ ಮನೆಗೆ ಬರುವ ಗಂಡಹೆಂಡಿರು ಎಂಥವರು?

ಹೊರಗೆ ಕಾಕಾನ ವಿಚಾರಣೆ ನಡೆದಿತ್ತು. "ಕಾಲೇಜಿನ್ಯಾಗ ಅಷ್ಟು ಹುಡುಗ್ಯಾರು ಅದಾರ. ಈಕೀನ ಯಾಕ ಬೇಕು ನಿಮಗ?"

ನನ್ನ ಗಂಡ ಮಾತಿನಲ್ಲಿ ಹೇಳಿ ಸೋತರು. ಕೊನೆಗೆ ಒಂದು ಗೋಣಿಚೀಲ ಇಸಿದುಕೊಂಡು, ಮಡಿಸಿ ಅಂಗಳದ ನಡುವೆ ಹಾಕಿದರು. ಇದು ಬೇಸು ಎಂದರು. ಚೆಂಡು ಹೊಡೆದವಳು ಇಲ್ಲಿಗೆ ಓಡಿ ಬರುತ್ತಾಳೆ. ಅವಳು ಮುಟ್ಟುವುದರೊಳಗೆ ನಮ್ಮವರು ಯಾರೋ ಚೆಂಡು ಎತ್ತಿ ಇಲ್ಲಿಗೆ ಎಸೆಯುತ್ತಾರೆ. ಈ ಚೀಲದ ಮೇಲೆ ಒಂದು ಪಾದ ಇಟ್ಟು ಅದನ್ನು ಹಿಡಿದರೆ ಔಟು. ಎಸೆಯುವವರು ಅವಸರದಲ್ಲಿ ಹೇಗೆ ಎಸೆದರೂ ಹಿಡಿಯುವವಳು ಹಿಡಿಯಲೇಬೇಕು. ಅಷ್ಟು ಹೇಳಿ ಹುಡುಗಿಯ ಬಲಗೈಗೆ ದೊಡ್ಡ ಚರ್ಮದ ಗ್ಲೌಸು ಹಾಕಿದರು, ಅವಳು ಎಡಗೈಯವಳಾದ್ದರಿಂದ. ಕಾಕಾನ ಕಣ್ಣು ಗ್ಲೌಸು ಹಾಕುತ್ತಿದ್ದ ಇವರ ಕೈಯ ಮೇಲೆಯೇ ಇತ್ತು. ನನ್ನದೂ ಇತ್ತು.

ಮೊದಲು ಇವರು ಎಸೆದರು. ಎತ್ತರಕ್ಕೆ, ಎಡಕ್ಕೆ, ಬಲಕ್ಕೆ, ಆಮೇಲೆ ನೆಲಕ್ಕೆ ಬಡಿದು ಪುಟಿಯುವಂತೆ. ಹುಡುಗಿ ಮುಖ ತಿರುಗಿಸಲಿಲ್ಲ. ಗಟ್ಟಿ ಚೆಂಡು ಗ್ಲೌಸಿಗೆ ಬಡಿಯುವಾಗ ಕೈಯನ್ನು ತುಸು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು, ಸದ್ದೇ ಆಗದ ಹಾಗೆ. ಕೈ ಮೆತ್ತಗಿರಬೇಕು ಎಂದರೆ ಇದು ಎಂದು ಆಗ ತಿಳಿಯಿತು. ತಿಳಿದ ಮೇಲೂ, ಆ ಹೆಂಗಸಿನ ದನಿ ತಲೆಯಿಂದ ಹೋಗಲಿಲ್ಲ.

"ನೀವು ಒಗೀರಿ" ಎಂದು ಇವರು ಕಾಕಾನ ಕೈಗೆ ಚೆಂಡು ಕೊಟ್ಟರು. ಕಾಕಾ ಸಿಟ್ಟಿನಲ್ಲಿದ್ದರೋ ಏನೋ, ಗುರಿಯಿಲ್ಲದೆ ಬೀಸಿ ಒಗೆದರು. ಚೆಂಡು ಹೋರಿಯ ಗೂಟದ ಕಡೆಗೆ ಹೊರಟಿತು. ಹುಡುಗಿ ಒಂದು ಪಾದವನ್ನು ಚೀಲದ ಅಂಚಿಗೆ ಊರಿ, ಇನ್ನೊಂದು ಕಾಲನ್ನು ಚಾಚಿ, ನೆಲಕ್ಕೆ ಹತ್ತುವಂತೆ ಮೈ ಉದ್ದ ಮಾಡಿ ಅದನ್ನು ಹಿಡಿದಳು. ಎದ್ದು ಧೂಳು ಝಾಡಿಸಿಕೊಂಡು, "ಛಲೋ ಬಂತ್ರಿ ಕಾಕಾ, ಇನ್ನೊಂದು ಒಗೀರಿ" ಎಂದಳು.

ಎಸೆದದ್ದು ಎಷ್ಟು ಕೆಟ್ಟದಾಗಿತ್ತು ಎಂದು ಕಾಕಾನಿಗೂ ಗೊತ್ತಿತ್ತು. ಆದರೂ ಅವರ ಭುಜ ಸಡಿಲವಾಯಿತು. ಎರಡನೆಯದನ್ನು ನೆಟ್ಟಗೆ ಎಸೆದರು.

ನನ್ನ ಗಂಡನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಅದು ನನಗೆ ಚುಚ್ಚಿತು.

ಕಾಕಾ ಒಪ್ಪಿದರು, ಒಂದು ಕರಾರಿನ ಮೇಲೆ. "ಅಕ್ಕಾರು ಜೋಡಿ ಇರಬೇಕು. ಅವರಿದ್ರ ಕಳಸ್ತೀನಿ, ಇಲ್ಲಾಂದ್ರ ಇಲ್ಲ." ಹುಡುಗಿಯರ ತಂಡದ ಜೊತೆ ಹೊರಗೆ ಹೋಗಲು ಕಾಲೇಜಿಗೂ ಒಬ್ಬ ಹೆಂಗಸು ಬೇಕಾಗಿತ್ತು. ಹೀಗೆ ಬ್ಲೌಸು ಹೊಲಿಯುವ ನಾನು ಲೇಡಿ ಮ್ಯಾನೇಜರ್ ಆದೆ. ಕಾಕಾ ನನ್ನನ್ನು ಕಳಿಸಿದ್ದು ನನ್ನ ಗಂಡನ ಮೇಲೆ ಕಣ್ಣಿಡಲು. ಆ ಕೆಲಸ ನನಗೆ ಕಷ್ಟವಾಗಲಿಲ್ಲ.

ದಿನಾ ಸಂಜೆ ಮೈದಾನದ ಮೆಟ್ಟಿಲ ಮೇಲೆ ಕೂರತೊಡಗಿದೆ. ಅಲ್ಲಿ ನನ್ನಂತೆಯೇ ಅನುಮಾನದಲ್ಲಿದ್ದವಳು ಇನ್ನೊಬ್ಬಳಿದ್ದಳು. ಮುಧೋಳದ ಕಿರಾಣಿ ವ್ಯಾಪಾರದ ಮನೆಯ ಹುಡುಗಿ. ಚಿಮ್ಮಡದವಳು ಬರುವ ತನಕ ಫಸ್ಟ್ ಬೇಸಿನಲ್ಲಿ ನಿಲ್ಲುತ್ತಿದ್ದವಳು. ಗಿಡ್ಡವಿದ್ದರೂ ತೋಳಿನಲ್ಲಿ ಬಹಳ ಶಕ್ತಿ ಇದ್ದುದರಿಂದ ಈಗ ಅವಳನ್ನು ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲಿಸಿದ್ದರು. ಅಲ್ಲಿಗೆ ಬಂದ ಚೆಂಡನ್ನು ಎತ್ತಿ ಅಷ್ಟು ದೂರದ ಫಸ್ಟ್ ಬೇಸಿಗೆ ಎಸೆಯುವುದು ಅವಳ ಕೆಲಸ. ತನ್ನ ಜಾಗ ಕಸಿದುಕೊಂಡವಳ ಕೈಗೇ ದಿನಾ ಚೆಂಡು ಮುಟ್ಟಿಸಬೇಕು.

ಒಂದು ದಿನ ನೀರು ಕುಡಿಯಲು ಬಂದವಳು ನನ್ನ ಪಕ್ಕ ಕೂತು ಕೇಳಿದಳು. "ಅಕ್ಕಾರ, ಸರ್ ನಮಗೆಲ್ಲಾ ಬೈತಾರ. ಆಕೀಗೆ ಒಮ್ಮೆರೆ ಬೈದದ್ದು ಕೇಳೀರೇನು?"

ನೆನಪು ಮಾಡಿಕೊಂಡೆ. ಕೇಳಿರಲಿಲ್ಲ.

ಮನೆಗೆ ಬಂದು ಗಂಡನನ್ನು ಕೇಳಿದೆ. "ಆಕೀನ ಬೈದ್ರ ಆಕಿ ಚೆಂಡು ನೋಡೂದು ಬಿಟ್ಟು ನನ್ನ ಮುಖಾ ನೋಡ್ತಾಳ" ಎಂದರು. ಉತ್ತರ ಚೆನ್ನಾಗಿತ್ತು. ಆದರೆ ಇದನ್ನೂ ಆ ರಬಕವಿಯವರೇ ಹೇಳಿಕೊಟ್ಟಿರಬೇಕು ಎಂದು ನನಗೆ ಕೂಡಲೇ ಅನ್ನಿಸಿತು.

ಅವರನ್ನು ನೋಡುವ ದಿನವೂ ಬಂತು. ಒಂದು ಶನಿವಾರ ಸಾಲೆ ಮುಗಿಸಿಕೊಂಡು ಅವರೇ ಮೈದಾನಕ್ಕೆ ಬಂದರು. ನನ್ನ ಓರಗೆಯವರು, ಎತ್ತರ, ಉದ್ದನೆಯ ತೋಳು, ಕಿವಿಯ ಹತ್ತಿರ ನರೆ. ಬಂದವರೇ ನನಗೆ "ನಮಸ್ಕಾರ್ರಿ ವೈನಿ" ಎಂದರು. ನನ್ನ ಗಂಡನನ್ನು ಅಣ್ಣನನ್ನಾಗಿ ಮಾಡಿಕೊಂಡು ನನ್ನನ್ನು ವೈನಿ ಎಂದರೆ ಸುಮ್ಮನಾಗುತ್ತೇನೆ ಎಂದು ತಿಳಿದಿರಬೇಕು ಎಂದುಕೊಂಡೆ. ಅವರಿಬ್ಬರೂ ಮಾತಾಡುವಾಗ ಯಾರ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡಿದೆ. ಇಬ್ಬರ ಕಣ್ಣೂ ಚಿಮ್ಮಡದ ಹುಡುಗಿಯ ಪಾದದ ಮೇಲಿದ್ದವು.

ಆಮೇಲೆ ಅವರು ಬಂದು ನನ್ನ ಪಕ್ಕದಲ್ಲಿ ಕೂತರು. ನಾನು ಏನೂ ಕೇಳದಿದ್ದರೂ ತಾವೇ ಹೇಳಿದರು.

"ಸರ್ ಈ ಆಟ ಆಡಿದವರಲ್ಲ. ನಿಮಗ ಹೇಳಿರಬೇಕಲ್ಲ. ಅವರು ಕುಸ್ತಿ ಮಾಡಿದವರು. ಗ್ಲೌಸ್ ಯಾವ ಕೈಗೆ ಹಾಕೂದು ಅಂತ ಕೇಳಾಕ ಮೊದ್ಲ ಸಲ ಬಂದಿದ್ರು. ನಾ ಕಾಲೇಜಿನ್ಯಾಗಿದ್ದಾಗ ಫಸ್ಟ್ ಬೇಸ್ ಆಡಿದಾಕಿ, ಯೂನಿವರ್ಸಿಟಿ ಟೀಮಿನ್ಯಾಗೂ ಇದ್ದೆ. ಯಾರಿಗೂ ಹೇಳಬ್ಯಾಡ್ರಿ ಅಂದಿದ್ರು ಸರ್. ಆಟದ ಸರ್‌ಗ ಆಟ ಗೊತ್ತಿಲ್ಲ ಅಂತಾರ ಅಂತ."

ನನಗೆ ಹೇಳಿರಲಿಲ್ಲ. ಹೇಳಿದ್ದಾರೆ ಎಂಬಂತೆ ತಲೆ ಆಡಿಸಿದೆ. ಮೊದಲಿನ ಅನುಮಾನ ಅಲ್ಲಿಗೆ ತೀರಬೇಕಿತ್ತು. ಅರ್ಧ ತೀರಿತು. ತನಗೆ ಬರುವುದಿಲ್ಲ ಎಂಬ ಮಾತನ್ನು ಹೆಂಡತಿಗೆ ಹೇಳಲಾರದವರು ಈಕೆಗೆ ಹೇಗೆ ಹೇಳಿದರು ಎಂಬ ಬೇರೆಯದೊಂದು ಶುರುವಾಯಿತು.

"ಈ ಹುಡುಗ್ಯಾಗ ಅಂಥಾದ್ದೇನು ಕಂಡ್ರಿ ನೀವು?" ಎಂದು ಕೇಳಿದೆ.

"ಎತ್ತರ ಎಲ್ಲಾರೂ ನೋಡ್ತಾರ್ರಿ. ಪಾದ ನೋಡ್ರಿ, ಬೇಸ್ ಎಲ್ಲೈತಿ ಅಂತ ಆಕಿ ಕೆಳಗ ನೋಡೂದಿಲ್ಲ, ಪಾದಕ್ಕ ಗೊತ್ತೈತಿ. ಬೇಸ್ ಬಿಡೂದೂ ಗೊತ್ತೈತಿ. ಥ್ರೋ ಭಾಳ ದೂರ ಹೋತು, ಔಟ್ ಆಗೂದಿಲ್ಲ ಅಂದಾಗ ಬೇಸ್ ಬಿಟ್ಟು ಚೆಂಡು ಉಳಸ್ತಾಳ. ಆದ್ರ ನಾ ನೋಡೂದು ಬ್ಯಾರೆ. ಕೆಟ್ಟ ಥ್ರೋ ಬಂದ ಮ್ಯಾಲ ಹಿಡಿಯಾಕಿ ಮುಖಾ ಹೆಂಗಿರತೈತಿ? ಆಕಿ ಮುಖಾ ಗಂಟ ಹಾಕಿದ್ರ ಮುಂದಿನ ಸಲ ಒಗಿಯೋರ ಕೈ ನಡಗತಾವು. ನಾಲ್ಕೂ ಕಡೆಯಿಂದ ಒಗಿಯೋರು ಆಕಿನ್ನ ನಂಬಬೇಕ್ರಿ."

ಹೇಳುತ್ತ ಅವರು ನನ್ನ ಮುಖ ನೋಡಿದರು. ನನಗೇ ಹೇಳಿದರೋ ಎಂದು ನಾನು ಮುಖ ತಿರುಗಿಸಿದೆ.

ಬೀಳಗಿಯ ತಂಡದ ಜೊತೆ ಒಂದು ಅಭ್ಯಾಸದ ಪಂದ್ಯ ಆಯಿತು. ನೋಡುವ ಚಟ ಹತ್ತಿದ ನನಗೆ ಆ ದಿನ ಒಂದು ಸಂಗತಿ ಕಂಡಿತು. ಮುಧೋಳದ ಹುಡುಗಿ ಎರಡನೆಯ ಬೇಸಿಗೆ ಎಸೆದದ್ದೆಲ್ಲ ದಾರ ಹಿಡಿದಂತೆ ನೆಟ್ಟಗೆ ಹೋಗುತ್ತಿತ್ತು. ಫಸ್ಟ್ ಬೇಸಿಗೆ ಎಸೆದದ್ದು ಮಾತ್ರ ಕೆಳಗೆ, ಕಾಲಿನ ಹತ್ತಿರ ಮಣ್ಣಿಗೆ ಬಡಿದು ಏಳುತ್ತಿತ್ತು. ಚಿಮ್ಮಡದವಳು ಒಂದನ್ನು ಬಿಟ್ಟಳು, ಉಳಿದವನ್ನು ಮಣ್ಣಿನಿಂದ ಎತ್ತಿಕೊಂಡಳು.

ಗಂಡನಿಗೆ ಹೇಳಿದೆ. "ಬೇಕಂತ ಒಗಿಯಾಕತ್ತಾಳ ಆಕಿ."

"ದೂರದ ಥ್ರೋ ಐತಿ, ಕೆಡತೈತಿ. ನಿನಗ ಎಲ್ಲಾದರಾಗೂ ಸಂಶೇ" ಎಂದರು.

ಆ ಮಾತಿಗೆ ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಆದರೆ ನೋಡುವುದನ್ನು ಬಿಡಲಿಲ್ಲ.

ಕಾಲೇಜುಗಳ ನಡುವಿನ ಪಂದ್ಯಾವಳಿಗೆ ನಾವು ಬೇರೆ ಊರಿಗೆ ಹೋದೆವು. ರಬಕವಿಯ ಟೀಚರೂ ರಜೆ ಹಾಕಿ ಬಂದರು. ಅಲ್ಲಿ ಸೆಮಿಫೈನಲ್ಲಿನಲ್ಲಿ ಮುಧೋಳದ ಹುಡುಗಿಯ ಒಂದು ಥ್ರೋ ಬೇಸಿಗಿಂತ ತುಸು ಮುಂಚೆ ನೆಲಕ್ಕೆ ಬಡಿದು, ಅಡ್ಡ ಪುಟಿದು ಚಿಮ್ಮಡದವಳ ಎದೆಗೆ ಬಿತ್ತು. ಅವಳು ಬಗ್ಗಿ, ಒಂದು ಗಳಿಗೆ ಉಸಿರು ಹಿಡಿದು, ಚೆಂಡು ಎತ್ತಿಕೊಂಡಳು. ಆಮೇಲೆ ಎಲ್ಲರಿಗೂ ಕಾಣುವಂತೆ ಕೈ ಎತ್ತಿ, "ನಂದ ತಪ್ಪು, ನಂದ" ಎಂದಳು. ಆ ಪಂದ್ಯವನ್ನು ಹೇಗೋ ಗೆದ್ದೆವು.

ಹುಡುಗಿಯರ ಕೋಣೆಯಲ್ಲಿ ಅವಳ ಎದೆಗೆ ಬರ್ಫದ ಚೀಲ ಇಡುತ್ತ ಕೇಳಿದೆ. ಬೇರೆ ಯಾರೂ ಇರಲಿಲ್ಲ.

"ಆಕಿ ಬೇಕಂತ ಒಗಿಯಾಕತ್ತಾಳ. ನಿನಗ ಗೊತ್ತಾಗೂದಿಲ್ಲೇನು?"

ಅವಳು ಚೀಲವನ್ನು ತಾನೇ ಒತ್ತಿ ಹಿಡಿದುಕೊಂಡಳು. "ಗೊತ್ತೈತ್ರಿ ಅಕ್ಕಾರ. ಮೊದಲಿನ ದಿನದಿಂದ ಗೊತ್ತೈತಿ."

"ಮತ್ತ ಸರ್‌ಗ ಯಾಕ ಹೇಳಲಿಲ್ಲ?"

"ನನಗ ಗೊತ್ತೈತಿ ಅಂತ ಆಕೀಗೆ ಗೊತ್ತಾಗಬಾರದ್ರಿ. ಗೊತ್ತಾದ್ರ ನನ್ನ ಮುಖಾ ನೋಡಿ ಒಗಿಯಾಕ ಆಕೀಗೆ ಆಗೂದಿಲ್ಲ. ಆಕಿ ಬಿಟ್ರ ಅಷ್ಟು ದೂರದಿಂದ ಒಗಿಯೋರು ನಮ್ಮಲ್ಲಿ ಯಾರದಾರ?"

ಹತ್ತೊಂಬತ್ತು ಇಪ್ಪತ್ತರ ಹುಡುಗಿ. ನಾನು ಬರ್ಫದ ಚೀಲ ಬದಲಿಸಿದೆ.

ಸಂಜೆ ಮುಧೋಳದವಳು ನನ್ನ ಬೆನ್ನಿಗೆ ಬಿದ್ದಳು. ಚಹಾದ ಲೋಟ ಹಿಡಿದು ಸುತ್ತು ಹಾಕಿ ಹಾಕಿ ಕೊನೆಗೆ ಕೇಳಿದಳು. "ಆಕಿ ನನ್ನ ಮ್ಯಾಲೆ ಏನರ ಹೇಳಿದಳೇನ್ರಿ ಸರ್ ಮುಂದ?"

"ಇಲ್ಲ."

"ನಿಮ್ಮ ಮುಂದ?"

"ನಿನ್ನ ತೋಳಿನ್ಯಾಗ ಭಾಳ ಶಕ್ತಿ ಐತಿ ಅಂದ್ಲು."

ಅವಳು ನನ್ನನ್ನೇ ದಿಟ್ಟಿಸಿದಳು. ನಂಬಲಿಲ್ಲ ಎಂದು ಕಂಡಿತು. ಆದರೂ ಲೋಟ ಖಾಲಿ ಮಾಡದೆ ಎದ್ದು, ಚಿಮ್ಮಡದವಳು ಮಲಗಿದ್ದ ಕೋಣೆಯ ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ ತಿರುಗಿ ಬಂದಳು.

ಮರುದಿನ ಫೈನಲ್ಲು. ಅವಳು ಎಸೆದ ಒಂದೊಂದು ಚೆಂಡೂ ಎದೆಯ ಎತ್ತರಕ್ಕೆ, ನೆಟ್ಟಗೆ, ಗ್ಲೌಸಿಗೆ ಹೋಗಿ ಬಿತ್ತು. ಮನಸ್ಸು ಬದಲಾಗಿತ್ತೋ, ಯೂನಿವರ್ಸಿಟಿ ತಂಡಕ್ಕೆ ಆರಿಸುವವರು ಆ ದಿನ ಕುರ್ಚಿ ಹಾಕಿಕೊಂಡು ಕೂತಿದ್ದರೆಂದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳನ್ನು ಕೇಳಿಯೂ ಇಲ್ಲ. ಕೇಳಿದರೆ ನಿಜ ಹೇಳುತ್ತಾಳೆ ಎಂಬ ಭರವಸೆ ನನಗಿಲ್ಲ.

ಫೈನಲ್ಲನ್ನು ಸೋತೆವು. ನಮ್ಮವರಿಗೆ ಚೆಂಡು ಹೊಡೆಯಲು ಬರಲಿಲ್ಲ, ಅಷ್ಟೆ. ಆದರೆ ಆರಿಸುವವರು ಚಿಮ್ಮಡದವಳ ಹೆಸರನ್ನು ಮೊದಲ ಸಾಲಿನಲ್ಲೇ ಓದಿದರು. ಮುಧೋಳದವಳ ಹೆಸರು ಕೊನೆಯಲ್ಲಿ, ಹೆಚ್ಚುವರಿ ಆಟಗಾರ್ತಿಯಾಗಿ ಬಂತು. ಹೆಸರು ಕೇಳಿದಾಗ ಅವಳು ಚಪ್ಪಾಳೆ ತಟ್ಟಲಿಲ್ಲ, ಅಳಲೂ ಇಲ್ಲ. ಚಿಮ್ಮಡದವಳ ಪಕ್ಕಕ್ಕೆ ಹೋಗಿ ಕೂತಳು. ಇಬ್ಬರೂ ಮಾತಾಡಿದ್ದು ನಾನು ನೋಡಲಿಲ್ಲ.

ಹಿಂದಿರುಗುವಾಗ ಹುಡುಗಿಯರು ಬಾಡಿಗೆಯ ಕ್ರೂಸರ್ ಗಾಡಿಯಲ್ಲಿ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ನಾನು ಗಂಡನನ್ನು ಕೇಳಿದೆ. "ಆಟ ಬರೂದಿಲ್ಲ ಅಂತ ನನಗ ಯಾಕ ಹೇಳಲಿಲ್ಲ?"

"ನೀ ನಗ್ತಿದ್ದಿ."

"ಟೀಚರ್ ನಗಲಿಲ್ಲೇನು?"

"ಅವರೂ ನಕ್ಕರು. ಅವರು ನಕ್ಕರ ನನಗ ಏನಾಗೂದೈತಿ" ಎಂದರು. ಎಂದವರು ಕಿಟಕಿಯ ಕಡೆ ತಿರುಗಿದರು. ಆ ಮಾತನ್ನು ನಾನು ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿದೆ. ಅದರಲ್ಲಿ ತಪ್ಪು ಹುಡುಕಲು ನೋಡಿದೆ ಎಂದರೂ ಸರಿ. ಸಿಗಲಿಲ್ಲ.

ಚಿಮ್ಮಡದ ಕ್ರಾಸಿನಲ್ಲಿ ಕಾಕಾ ಕಾಯುತ್ತಿದ್ದರು. ಹುಡುಗಿಯ ಬ್ಯಾಗು ಇಸಿದುಕೊಂಡು, ಕುಂಟುತ್ತಿಲ್ಲ, ಅತ್ತಿಲ್ಲ ಎಂದು ಮೊದಲು ನೋಡಿಕೊಂಡು, ಆಮೇಲೆ ನನ್ನ ಕಡೆ ಬಂದರು.

"ಗೆದ್ರೇನ್ರಿ?"

"ಇಲ್ರಿ, ಸೋತ್ವಿ. ಆದ್ರ ಈಕೀನ ಯೂನಿವರ್ಸಿಟಿ ಟೀಮಿಗೆ ತಗೊಂಡಾರ."

ಕಾಕಾನ ಹುಬ್ಬು ಗಂಟಿಕ್ಕಿತು. "ಸೋತ ಟೀಮಿನಾಕೀನ ಹೆಂಗ ತಗೊಂಡ್ರು? ಇದರಾಗ ಏನೋ ಐತಿ. ನಾಳೆ ಕಾಲೇಜಿಗೆ ಬಂದು ಕೇಳ್ತೀನಿ."

ಹೇಳಿದಂತೆ ಮರುದಿನ ಬಂದರು. ಮೈದಾನದ ಅಂಚಿನಲ್ಲಿ ನಿಂತು ಹುಡುಗಿಯರ ಆಟವನ್ನು ಬಹಳ ಹೊತ್ತು ನೋಡಿದರು. ಮುಧೋಳದ ಹುಡುಗಿಯ ಒಂದು ಥ್ರೋ ತಪ್ಪಿ ಅಗಲಕ್ಕೆ ಹೋದಾಗ, "ಹಿಡಿತಾಳ ಬಿಡು, ಗಾಬರಿ ಆಗಬ್ಯಾಡ" ಎಂದು ಅಲ್ಲಿಂದಲೇ ಅವಳಿಗೆ ಹೇಳಿದರು. ನನ್ನ ಗಂಡನನ್ನು ಮಾತ್ರ ಮಾತಾಡಿಸಲಿಲ್ಲ. ಕೇಳಲು ಬಂದದ್ದನ್ನು ಕೇಳದೆಯೇ, ಬಸ್ಸಿಗೆ ಹೊತ್ತಾಯಿತೆಂದು ಹೊರಟು ಹೋದರು.